ಬಾಗಿಲು ತೆರೆಯಬೇಡ

ಚೀಸ್ ಬಂದದ್ದು ಮಂಗಳವಾರದ ಲಾರಿಯಲ್ಲಿ,
ಮೂರು ಡಬ್ಬಿ, ಐನೂರು ಕಿಲೋಮೀಟರು,
ಮೈತುಂಬ ತಣ್ಣನೆ ಬೆವರು.
ಮಿಕ್ಕಿದ್ದು ಇಲ್ಲಿಯದೇ ಎಂದಳು ವರ್ನಾ ಆಂಟಿ,
ಕಪಾಟಿನ ತಳದಿಂದ ಕ್ವಾಂಡಾಂಗಿನ ಸೀಸೆ ಎಳೆಯುತ್ತ.
ಹೋದ ವಸಂತದಲ್ಲಿ ಒಣಹೊಳೆಯ ದಂಡೆಯಲ್ಲಿ
ಆಯ್ದು, ಬಿಡಿಸಿ, ತಗಡಿನ ಮೇಲೆ ಒಣಗಿಸಿದ್ದು;
ಮುದುಕರ ಕಿವಿಯಂತೆ ಮುದುಡಿದ ಕೆಂಪು ಚೂರು.
ಹುಳಿ ಅಂದರೆ ಹುಳಿ.
ನೆನೆದರೇ ದವಡೆಯಲ್ಲಿ ನೀರು.

ಈ ಮರ ನೆಟ್ಟವರು ಯಾರು, ಚಿಕ್ಕವಳಿದ್ದಾಗ ಕೇಳಿದ್ದೆ.
"ಎಮು," ಎಂದಿದ್ದಳು.
"ನುಂಗಿತು, ನಡೆಯಿತು, ಹಿಕ್ಕೆ ಹಾಕಿತು.
ಯಾವ ಸರ್ಕಾರವೂ ಇಷ್ಟು ಗಿಡ ನೆಟ್ಟಿಲ್ಲ."

ವಾಟಲ್ ಬೀಜ ಹುರಿಯುವುದು ನನ್ನ ಪಾಲಿಗೆ.
ಚಟಪಟ ಅನ್ನಬೇಕು, ಹೊಗೆ ಏಳಬಾರದು.
ಮೊದಲು ಕಾಫಿಯ ವಾಸನೆ,
ಅದರ ಹಿಂದೆ ಸುಟ್ಟ ಸಕ್ಕರೆ,
ಅದರ ಹಿಂದೆ, ಯಾರೋ ಬೆಂಕಿ ಆರಿಸಿ
ಎದ್ದುಹೋದ ಬೆಳಗಿನ ವಾಸನೆ.
ಆಗ ಇಳಿಸು.
ಎಷ್ಟು ಹಾಕಲಿ ಎಂದರೆ ಅಂಗೈ ತೋರಿಸುತ್ತಾಳೆ.
ಅಂಗೈ ಅವಳದು, ನನ್ನದು ಚಿಕ್ಕದು.
ನಾನು ಒಂದೂಕಾಲು ಹಾಕಿದೆ.

ಲೆಮನ್ ಮರ್ಟಲ್ ಎಲೆಯ ಪುಡಿ ಮಾತ್ರ
ಕ್ವೀನ್ಸ್‌ಲ್ಯಾಂಡಿನಿಂದ ಅಂಚೆಯಲ್ಲಿ ಬಂದದ್ದು.
"ಇದು ಇನ್ನೊಬ್ಬರ ನೆಲದ್ದು," ಎಂದಳು,
"ಹೊಸ ನೆಂಟರಂತೆ. ಚಿಟಿಕೆ ಸಾಕು,
ಹೆಚ್ಚಾದರೆ ಮನೆಯೆಲ್ಲ ತಾನೇ ಮಾತಾಡುತ್ತದೆ."

ಬಿಸ್ಕತ್ತು ಪುಡಿಯಾದದ್ದು ಕ್ಲಾರಿ ಅಂಕಲ್‌ನ ಸುತ್ತಿಗೆಯಡಿ,
ಟೀ ಟವೆಲ್ ಸುತ್ತಿದ ರೈಲ್ವೆ ಸುತ್ತಿಗೆ.
ರೈಲು ನಿಂತು ಎಷ್ಟು ಕಾಲವಾಯಿತೋ,
ಅಂಕಲ್ ಹೋಗಿ ಹನ್ನೊಂದು ವರ್ಷ.
ಅವನನ್ನು ಎಲ್ಲಿ ಮಣ್ಣು ಮಾಡುವುದು ಎಂಬಲ್ಲಿ ಮುರಿದದ್ದು
ಅವನ ತಂಗಿ ಐರಿಸ್ ಮತ್ತು ನಮ್ಮ ಆಂಟಿಯ ಮಾತು.
ಇಬ್ಬರ ಮನೆಗೂ ನಡುವೆ ಒಂದು ಪೆಟ್ರೋಲ್ ಬಂಕು,
ಎರಡು ಬೀದಿ.
ಮೊನ್ನೆ ಐರಿಸ್ ಆಸ್ಪತ್ರೆಯಿಂದ ಬಂದಳಂತೆ,
ಅರ್ಧ ಆಳಾಗಿ.
ಕೇಕ್ ಯಾರಿಗೆ ಎಂದು ನಾನು ಕೇಳಲಿಲ್ಲ.

ನಲವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು.
ಹೊರಗೆ ಕೆಂಧೂಳಿನ ಗಾಳಿ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು,
ಓವನ್ನಿನ ಹಳದಿ ದೀಪ ಕಣ್ಣು ಮುಚ್ಚಿತು.
ಹಿಡಿಗೆ ಕೈ ಹಾಕಿದೆ.

"ತೆರೆಯಬೇಡ!"

ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ.
"ಒಳಗಿನ ಬಿಸಿ ಒಳಗೇ ಇದೆ.
ಮಿಕ್ಕ ಕೆಲಸ ಅದೇ ಮಾಡಿಕೊಳ್ಳುತ್ತದೆ.
ಈಗ ಇಣುಕಿದೆಯೋ, ಬಿರಿಯುತ್ತದೆ."

ಕೂತೆವು. ತಗಡಿನ ಮಾಡು ಹಲ್ಲು ಕಡಿಯುತ್ತಿತ್ತು.
ಎಷ್ಟೋ ಹೊತ್ತಿನ ಮೇಲೆ, ಯಾರಿಗೋ ಎಂಬಂತೆ:
"ಐರಿಸ್ ಹೇಳಿದ ಜಾಗವೇ ಸರಿಯಿತ್ತೇನೋ,
ಅಲ್ಲಿಂದ ಬೆಟ್ಟ ಕಾಣುತ್ತದೆ."
ಆಮೇಲೆ:
"ಟಾರ್ಚು ಎಲ್ಲಿಟ್ಟೆ?"

ಬೆಳಿಗ್ಗೆ ತೆರೆದಾಗ ನಡು ಗಟ್ಟಿಯಾಗಿತ್ತು,
ತಟ್ಟೆ ಅಲುಗಿಸಿದರೆ ಮಲಗಿದ ಮಗುವಿನ ಹೊಟ್ಟೆಯಷ್ಟೇ ನಡುಕ.
ಅಂಚಿನಲ್ಲೊಂದು ಬಿರುಕು, ನಮ್ಮ ಹೊಳೆಯ ನಕ್ಷೆಯಂತೆ.
ಅದರೊಳಕ್ಕೆ ಕ್ವಾಂಡಾಂಗಿನ ಪಾಕ ಸುರಿದಳು.
ಒಣಹೊಳೆಗೆ ಒಮ್ಮೆಲೇ ನೀರು ಬಂತು, ಕೆಂಪಗೆ.

ಎರಡು ಬೀದಿ ದೂರಕ್ಕೆ ಕಾರು ತೆಗೆದಳು.
ಕೇಕ್ ನನ್ನ ತೊಡೆಯ ಮೇಲೆ,
ಇಬ್ಬರಿಗೂ ಸೇರಿ ಒಂದೇ ಸೀಟ್ ಬೆಲ್ಟು.

ಜಾಲರಿ ಬಾಗಿಲ ಆಚೆ ಐರಿಸ್,
ಈಚೆ ನಾವು, ನೊಣಗಳು.
ಯಾರೂ ಏನೂ ಅನ್ನಲಿಲ್ಲ.
ಕೊನೆಗೆ ಚಿಲಕ ಸರಿದದ್ದು
ನಮಗಾಗಿಯೋ ಕೇಕಿಗಾಗಿಯೋ, ಇಂದಿಗೂ ಗೊತ್ತಿಲ್ಲ.

ಒಂದು ಚಮಚ. ಮೆಲ್ಲಗೆ ನುರಿಸಿದಳು,
ಹಲ್ಲು ಸಾಕ್ಷಿ ಹೇಳುವವರೆಗೆ.
"ಬೀಜ ಇನ್ನಷ್ಟು ಹುರಿಯಬೇಕಿತ್ತು."

"ಹುರಿದವಳು ಇವಳು," ಎಂದಳು ಆಂಟಿ.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿ
ಇಬ್ಬರೂ ಒಂದೇ ಕಡೆ ತಿರುಗಿದರು:
ನನ್ನ ಕಡೆ.